ಶನಿವಾರ ಆರು ಗಂಟೆಯ ಓದುಗ

"ನಿಮ್ಮ ವೆಬ್‌ಸೈಟ್ ಬಂದ್ಮೇಲೆ ನಮ್ಮ ಹಾಳೆ ನಿಂತುಹೋಗತ್ತೆ. ಸರಿ ಮೇಡಂ. ಆಗ ಸತ್ತವರೆಲ್ಲ ಎಲ್ಲಿಗೆ ಹೋಗ್ಬೇಕು?"

ರಚನಾ ತಲೆಯೆತ್ತಿದಳು.

ರಾಯಪುರಂನ ಆ ಹಳೆಯ ಚರ್ಚಿನ ಕಚೇರಿಯ ಬಾಗಿಲಲ್ಲಿ, ಮೊಣಕೈವರೆಗೂ ಶಾಯಿ ಮೆತ್ತಿಕೊಂಡ ಯುವಕನೊಬ್ಬ ನಿಂತಿದ್ದ. ಕಂಕುಳಲ್ಲಿ ಹಾಳೆಗಳ ಕಟ್ಟು. ಕಣ್ಣಲ್ಲಿ ಕೋಪ. ಅದೂ ಕನ್ನಡದಲ್ಲಿ ಕೋಪ!

"ನಿಮಗೆ... ಕನ್ನಡ ಬರುತ್ತಾ?"

"ಆಗ್ಲೇ ಫೋನಲ್ಲಿ ಅಮ್ಮನ ಜೊತೆ ಜಗಳ ಆಡ್ತಿದ್ರಲ್ಲ, ಬೀದಿಗೇ ಕೇಳಿಸ್ತು. ನಮ್ಮದೂ ಕನ್ನಡ ಮನೆಯೇ. ನಾಲ್ಕು ತಲೆಮಾರು ಮದ್ರಾಸು."

ಫಾದರ್ ಅರುಳ್ ನಗುತ್ತಾ ಪರಿಚಯ ಮಾಡಿಸಿದರು. ಇವನು ತಿರುಮಲ, ಹಿಂದಿನ ಗಲ್ಲಿಯ ಪ್ರೆಸ್ಸಿನವನು. ಚರ್ಚಿನ ವಾರದ ಹಾಳೆಯನ್ನು ಇವನ ತಾತನ ಕಾಲದಿಂದ ಆ ಮನೆಯವರೇ ಅಚ್ಚು ಹಾಕುತ್ತಿದ್ದರು. ಪೂಜೆಯ ಸಮಯ, ಮದುವೆಯ ಸುದ್ದಿ, ಮತ್ತೆ ಕೊನೆಯ ಪುಟದಲ್ಲಿ ಆ ಭಾನುವಾರ ಯಾವ ಯಾವ ಸತ್ತವರಿಗಾಗಿ ಪ್ರಾರ್ಥನೆ ಎಂಬ ಹೆಸರುಗಳು. ಫಾದರ್ ಅದನ್ನೇ ನೋಡಿ ಗಟ್ಟಿಯಾಗಿ ಓದುವರು.

"ನಮ್ಮ ತಾತ ಹಣೆ ತುಂಬ ನಾಮ ಹಾಕ್ಕೊಂಡು ಯೇಸುಸ್ವಾಮಿ ಪೇಪರ್ ಹೊಡೀತಿದ್ರು," ಎಂದ ತಿರುಮಲ. "ಒಂದು ದಿನ ಒಂದು ಹೆಸರು ತಪ್ಪಿಲ್ಲ."

ಏನು ಮಾಡುವುದು? ಹೊಸ ಸಂಸಾರಗಳೆಲ್ಲ ವೇಲಚೇರಿ ಕಡೆಯ ಫ್ಲ್ಯಾಟುಗಳಿಗೆ ಹೋಗಿಬಿಟ್ಟಿದ್ದವು. ಹಾಳೆ ಅವರನ್ನು ಮುಟ್ಟುತ್ತಿರಲಿಲ್ಲ. ಅದಕ್ಕೇ ವೆಬ್‌ಸೈಟು, ಅದಕ್ಕೇ ಮಂಡ್ಯದ ಈ ಡಿಸೈನರ್ ಹುಡುಗಿ.

ರಚನಾ ಎದ್ದು ನಿಂತು ಹೇಳಿದಳು. "ನಾನೂ ಒಂದು ಹೆಸರು ಬಿಡಲ್ಲ. ಮಾತು ಕೊಡ್ತೀನಿ."

ಅವನು ಅವಳನ್ನೇ ನೋಡಿದ. ಆಮೇಲೆ ಹಾಳೆಗಳ ಕಟ್ಟನ್ನು ಮೆಲ್ಲಗೆ ಅವಳ ಮೇಜಿನ ಮೇಲಿಟ್ಟ.

ಅಷ್ಟೇ... ಪ್ರೀತಿ ಅಲ್ಲಿಂದ ಶುರುವಾಯಿತು ಎಂದರೆ ಇಬ್ಬರೂ ಆಗ ಒಪ್ಪುತ್ತಿರಲಿಲ್ಲ!

ರಚನಾಗೆ ತಮಿಳು ಕೇಳಿದರೆ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಪ್ರತಿ ಶನಿವಾರ ತಿರುಮಲ ಪಕ್ಕದಲ್ಲಿ ಕೂತು ಹಳೆಯ ಹಾಳೆಗಳ ಹೆಸರುಗಳನ್ನು ಓದುವನು, ಅವಳು ಪರದೆಯ ಮೇಲೆ ಜೋಡಿಸುವಳು. ಅವನು ಒಂದೊಂದು ಹೆಸರಿನ ಕಥೆ ಹೇಳುವನು. ಅವಳು ಮೊದಲು ಗುರುತು ಹಿಡಿಯಲು ಕಲಿತ ತಮಿಳು ಹೆಸರು ಅಂತೋಣಿ.

"ಇವರು ಸೆಲ್ವಮೇರಿ ಅಜ್ಜಿಯ ಗಂಡ. ದೋಣಿ ವಾಪಸ್ ಬಂತು, ಇವರು ಬರಲಿಲ್ಲ. ಸಮಾಧಿ ಇಲ್ಲ ರಚನಾ. ವರ್ಷಕ್ಕೊಂದು ದಿನ ಇವರ ಹೆಸರು ಓದ್ತಾರಲ್ಲ, ಅಜ್ಜಿಗೆ ಅದೇ ಸಮಾಧಿ."

ಆ ಹೆಸರುಗಳ ಪುಟದ ಮೂಲೆಯಲ್ಲಿ ರಚನಾ ಪುಟ್ಟದೊಂದು ದೋಣಿ ಬರೆದಿಟ್ಟಳು. ಅವನು ಅದನ್ನು ನೋಡಿ ಕಣ್ಣು ಒರೆಸಿಕೊಂಡ.

ವೆಬ್‌ಸೈಟ್ ಶುರುವಾಯಿತು. ಹಾಳೆ ನಿಂತಿತು. ಮೊದಲ ಶನಿವಾರ ಇಬ್ಬರೂ ಬಂದರಿನ ಗೋಡೆಯ ಪಕ್ಕ ಟೀ ಕುಡಿಯುತ್ತಾ ಸಂಜೆಯವರೆಗೂ ಕೂತಿದ್ದರು.

"ನಮ್ಮಜ್ಜಿ ಹೋದ್ಮೇಲೆ ನನ್ನ ಜೊತೆ ಇಷ್ಟು ಕನ್ನಡ ಯಾರೂ ಮಾತಾಡಿಲ್ಲ," ಎಂದ ಅವನು. ಅವಳ ಬದುಕಿನಲ್ಲೇ ಅಷ್ಟು ಸುಖದ ದಿನ ಇನ್ನೊಂದಿರಲಿಲ್ಲ.

ಮಾರನೆಯ ದಿನ ಪೂಜೆಯಲ್ಲಿ ಫಾದರ್ ಹೆಸರುಗಳನ್ನು ಓದಿದರು. ಅದು ಅಂತೋಣಿಯ ವರ್ಷದ ದಿನ; ಆ ಹೆಸರು ಬರಲೇ ಇಲ್ಲ.

ಎಲ್ಲರೂ ಎದ್ದು ಹೋದರೂ ಸೆಲ್ವಮೇರಿ ಅಜ್ಜಿ ಮುಂದಿನ ಸಾಲಿನಲ್ಲಿ ಕೂತೇ ಇದ್ದಳು. ಹೊಸ ಸೀರೆ. ಕೈಯಲ್ಲಿ ಹಚ್ಚದ ಮೇಣದಬತ್ತಿ. "ಇನ್ನೂ ಓದ್ತಾರೆ ಅಲ್ವಾ?" ಎಂದು ಪಕ್ಕದವರನ್ನು ಕೇಳುತ್ತಿದ್ದಳು.

ಕಾರಣ ಸಿಕ್ಕಿತು. ಪ್ರತಿ ವರ್ಷ ಹೆಸರನ್ನು ಮನೆಯವರೇ ಕೊಡಬೇಕಿತ್ತು; ಅದಕ್ಕೆಂದು ರಚನಾ ವೆಬ್‌ಸೈಟಿನಲ್ಲಿ ಮಾಡಿದ್ದ ಅರ್ಜಿಯಲ್ಲಿ ಇಮೇಲ್ ತುಂಬದೆ ಮುಂದೆ ಹೋಗುವಂತಿರಲಿಲ್ಲ. ಎಲ್ಲ ಕಡೆಯೂ ಹಾಗೇ ಇರುತ್ತದೆಂದು ಯೋಚಿಸದೇ ಇಟ್ಟಿದ್ದಳು. ಮೀನು ಮಾರುವ ಅಜ್ಜಿಗೆ ಎಲ್ಲಿಯ ಇಮೇಲ್?

ಚರ್ಚಿನ ಮೆಟ್ಟಿಲ ಮೇಲೆ, ಎಲ್ಲರ ಎದುರು, ತಿರುಮಲ ಕೂಗಿದ. "ಮಾತು ಕೊಟ್ಟಿದ್ರಿ ನೀವು! ನಿಮ್ಮ ಮಾತು ನಂಬಿ ನಾನು ಮಷಿನ್ ನಿಲ್ಲಿಸಿದೆ!"

ರಚನಾ ತಲೆತಗ್ಗಿಸಿ ಮೆಟ್ಟಿಲಿಳಿದು ಹೋದಳು.

ಅವತ್ತೇ ಅರ್ಜಿ ಸರಿಮಾಡಿದಳು. ಅವನಿಗೆ ಎಷ್ಟು ಮೆಸೇಜ್ ಕಳಿಸಿದಳೋ! ಉತ್ತರವಿಲ್ಲ. ಒಂದು ತಿಂಗಳು, ಎರಡು ತಿಂಗಳು... ಐದು ತಿಂಗಳು. ಆ ಗಲ್ಲಿಯ ಕಡೆ ಹೋಗಲು ಕಾಲು ಬರುತ್ತಿರಲಿಲ್ಲ. ಅಜ್ಜಿಯನ್ನು ದೂರದಿಂದ ಕಂಡರೂ ರಸ್ತೆ ದಾಟಿಬಿಡುತ್ತಿದ್ದಳು. ಊಟ ರುಚಿಸಲಿಲ್ಲ. ಒಂದು ಹೆಸರನ್ನು ಕಳೆದವಳು ತಾನು, ಇನ್ನು ತನ್ನ ಹೆಸರನ್ನು ಯಾರು ಯಾಕೆ ನೆನೆಯಬೇಕು?

ವೆಬ್‌ಸೈಟಿಗಾದರೂ ಯಾರು ಬರುತ್ತಿದ್ದರು? ಪೂಜೆಯ ಸಮಯ ನೋಡಿ ಅರೆನಿಮಿಷಕ್ಕೆ ಹೊರಟುಹೋಗುವವರು. ಬಂದುಹೋದವರ ಲೆಕ್ಕ ನೋಡಿದರೆ, ಫಾದರ್ ಬಿಟ್ಟು ಹೆಸರುಗಳ ಪುಟವನ್ನು ತೆರೆಯುತ್ತಿದ್ದವರು ಒಬ್ಬರೇ ಒಬ್ಬರು. ಪ್ರತಿ ಶನಿವಾರ, ಬೆಳಿಗ್ಗೆ ಆರು ಗಂಟೆಗೆ. ನಲವತ್ತು ನಿಮಿಷ. 'ಯಾರೋ ಫೋನ್ ತೆಗೆದಿಟ್ಟು ಮರೆತಿರಬೇಕು' ಎಂದುಕೊಳ್ಳುತ್ತಿದ್ದಳು.

"ಭಾನುವಾರ ಮದ್ದೂರಿನೋರು ನಿನ್ನ ನೋಡಕ್ ಬತ್ತಾವ್ರೆ ಕಣವ್ವ," ಎಂದಳು ಅಮ್ಮ ಫೋನಿನಲ್ಲಿ. "ಸಾಕು ಆ ಊರು. ಬಂದ್ಬುಡು."

"ಬತ್ತೀನಿ ಕಣಮ್ಮ," ಎಂದಳು ರಚನಾ. ಜಗಳ ಆಡುವ ಶಕ್ತಿಯೂ ಉಳಿದಿರಲಿಲ್ಲ.

ಶನಿವಾರ ಮಧ್ಯಾಹ್ನ ಮೂರೂವರೆಗೆ ಟ್ರೈನು. ಬೆಳಿಗ್ಗೆ ಹತ್ತಕ್ಕೆ ವೆಬ್‌ಸೈಟಿನ ಪಾಸ್‌ವರ್ಡ್ ಬರೆದ ಚೀಟಿಯನ್ನು ಫಾದರಿಗೆ ಕೊಟ್ಟುಹೋಗಲೆಂದು ಚರ್ಚಿಗೆ ಬಂದಳು. ಮೆಟ್ಟಿಲ ಮೇಲೆ ಸೆಲ್ವಮೇರಿ ಅಜ್ಜಿ! ಈ ಸಲ ದಾಟಲು ರಸ್ತೆಯಿರಲಿಲ್ಲ.

"ಬಾ ಕಣ್ಣು," ಎಂದಳು ಅಜ್ಜಿ ತಮಿಳಿನಲ್ಲಿ. "ಎಷ್ಟು ಇಳಿದುಹೋಗಿದೀಯ! ಕಂಪ್ಯೂಟರ್ ಊಟ ಹಾಕಲ್ವಾ?"

"ಅಜ್ಜಿ... ನನ್ನ ಕ್ಷಮಿಸ್ತೀರಾ?"

ಅಜ್ಜಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. "ಅವತ್ತು ಅವರು ಎರಡನೇ ಸಲ ಮುಳುಗಿದ ಹಾಗಾಯ್ತು," ಎಂದಳು. "ಸುಳ್ಳು ಯಾಕೆ ಹೇಳಲಿ? ಆದ್ರೆ ನೀನು ಬೇಕು ಅಂತ ಮಾಡ್ಲಿಲ್ಲ. ಅದು ಗೊತ್ತು."

ಅಜ್ಜಿಯ ಮಡಿಲಲ್ಲಿ ಒಂದು ಹಾಳೆಯಿತ್ತು. ರಚನಾ ಬೆಚ್ಚಿದಳು. ನಾಳೆಯ ತಾರೀಖು! ಮೂಲೆಯಲ್ಲಿ ಪುಟ್ಟ ದೋಣಿ. ಅವಳು ಬರೆದ ದೋಣಿ.

"ಇದು... ಇದನ್ನು ಯಾರು ಕೊಟ್ಟರು?"

"ಇನ್ನಾರು? ಪ್ರೆಸ್ ತಂಬಿ. ಫೋನ್ ಇಲ್ಲದ ನಮ್ಮಂಥ ಮುದುಕಿಯರಿಗೆ ವಾರ ವಾರ ತಾನೇ ಹೊಡೆದು ಕೊಡ್ತಾನೆ. ಬೆಳಿಗ್ಗೆ ಆರಕ್ಕೆ ಎದ್ದು ಫೋನ್ ನೋಡಿ ನೋಡಿ ಬರೀತಾನಂತೆ. ನನಗೆ ಓದೋಕೆ ಬರಲ್ಲ. ಕೈಯಲ್ಲಿದ್ರೆ ಒಂದು ಧೈರ್ಯ, ಅಷ್ಟೇ."

ಆರು ಗಂಟೆ. ನಲವತ್ತು ನಿಮಿಷ...

ರಚನಾ ಪಾಸ್‌ವರ್ಡಿನ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಗಲ್ಲಿಗೆ ಓಡಿದಳು.

ತಿರುಮಲ ಮಷಿನಿನ ರೋಲರ್ ಒರೆಸುತ್ತಿದ್ದ. ಅವಳನ್ನು ಕಂಡೊಡನೆ ಬಟ್ಟೆ ಕೈಯಿಂದ ಜಾರಿತು. ಅವನೂ ಸೊರಗಿದ್ದ.

"ಪ್ರತಿ ವಾರ ನನ್ನ ಪುಟ ಓದ್ತಿದ್ರಿ. ನನ್ನ ಒಂದು ಮೆಸೇಜ್ ಓದಕ್ಕಾಗ್ಲಿಲ್ವಾ?"

"ಎಲ್ಲಾ ಓದಿದೀನಿ."

"ಮತ್ಯಾಕ್ರೀ ಉತ್ತರ ಕೊಡ್ಲಿಲ್ಲ? ಅಷ್ಟೊಂದು ದ್ವೇಷನಾ ನನ್ನ ಮೇಲೆ?"

ಅವನು ಷರ್ಟಿನ ಜೇಬಿನಿಂದ ಮಡಿಕೆ ಸವೆದುಹೋದ ಚೀಟಿಯೊಂದನ್ನು ತೆಗೆದು ಅವಳ ಕೈಗಿಟ್ಟ. ಒಂದೇ ಹೆಸರು. ಅವಳಿಗೆ ಗುರುತಿದ್ದ ಹೆಸರು.

"ಅಜ್ಜಿ ಹಳೇ ಅಭ್ಯಾಸಕ್ಕೆ ಇದನ್ನ ನನ್ನ ಕೈಲೇ ಕೊಟ್ಟಿದ್ರು," ಎಂದ. "ಫೋನಲ್ಲಿ ತುಂಬಕ್ಕೆ ನೋಡಿದೆ, ಇಮೇಲ್ ಕೇಳ್ತು. ಶನಿವಾರ ನೀವು ಬರ್ತೀರಲ್ಲ, ಹೇಳೋಣ ಅಂತ ಜೇಬಿಗೆ ಹಾಕ್ಕೊಂಡೆ. ನೀವು ಬಂದ್ರಿ. ಟೀ ಕುಡಿದ್ವಿ. ನೀವು ನಗ್ತಿದ್ರಿ... ನಾನು ಮರೆತೇಬಿಟ್ಟೆ ರಚನಾ! ಚೀಟಿ ಇಲ್ಲೇ, ಎದೆ ಮೇಲೇ ಇತ್ತು."

ಅವಳು ಚೀಟಿಯನ್ನು ಮತ್ತೆ ಮಡಿಸಿದಳು.

"ತಪ್ಪು ನನ್ನದು. ಬೈದಿದ್ದು ನಿಮ್ಮನ್ನ. ಎಲ್ಲರ ಮುಂದೆ. ಫಾದರ್‌ಗೆ, ಅಜ್ಜಿಗೆ ನಿಜ ಹೇಳಿದೆ. ನಿಮ್ಮ ಮುಂದೆ ಮಾತ್ರ... ಮುಖ ಇರಲಿಲ್ಲ."

ಐದು ತಿಂಗಳ ನರಕ! ಅವಳಿಗೆ ಕೋಪ ಉಕ್ಕಿತು, ಅಳುವೂ ಉಕ್ಕಿತು. ಅವನ ಎದೆಗೆ ಒಂದು ಗುದ್ದು ಗುದ್ದಿದಳು, ಮತ್ತೆ ಅಲ್ಲಿಯೇ ಹಣೆಯಿಟ್ಟು ಬಿಕ್ಕಿದಳು.

"ನನ್ನ ಸಾಯಿಸಿಬಿಟ್ರಿ ನೀವು. ಆ ಇಮೇಲ್ ಇಟ್ಟಿದ್ದು ನಾನು. ಅರ್ಧ ತಪ್ಪು ನಂದೂ ಅಲ್ವೇನ್ರೀ? ಒಬ್ರೇ ಯಾಕೆ ಹೊತ್ಕೊಂಡ್ರಿ?"

"ನಿಮ್ಮ ಮೇಲೆ ಆಸೆ ಇಟ್ಟಿದ್ದಕ್ಕೇ ಆ ಹೆಸರು ಮರೆತೆ ಅನ್ನಿಸ್ತು. ಇನ್ನು ಆಸೆ ಪಡಬಾರ್ದು ಅಂದ್ಕೊಂಡೆ." ಅವನ ಶಾಯಿ ಕೈ ಅವಳ ತಲೆಯನ್ನು ಮುಟ್ಟಲೋ ಬೇಡವೋ ಎಂದು ಗಾಳಿಯಲ್ಲೇ ನಿಂತಿತ್ತು. "ಆಗ್ಲಿಲ್ಲ ರಚನಾ. ಶನಿವಾರ ಆರು ಗಂಟೆಗೆ ನಿಮ್ಮ ಪುಟ ತೆರೆದ್ರೆ ನೀವೇ ಎದುರಿಗೆ ಕೂತ ಹಾಗಿರೋದು."

ಕಳೆದುಹೋದ ಆ ಭಾನುವಾರ ಮತ್ತೆ ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ನಾಳೆಯ ಹಾಳೆಗೆ ಅಂತೋಣಿ ಹೆಸರು ಸೇರಿಸಿ ಇನ್ನೊಮ್ಮೆ ಹೊಡೀರಿ," ಎಂದಳು ಅವಳು. "ನಾನು ಫಾದರ್‌ಗೆ ಹೇಳ್ತೀನಿ. ತಡವಾದ್ರೂ ಓದ್ಲಿ."

"ನಿಮ್ಮ ಟ್ರೈನು? ಇವತ್ತು ಹೊರಟಿದೀರಿ ಅಂತ ಫಾದರ್ ಹೇಳಿದ್ರು."

"ಮೂರೂವರೆಗೆ."

"ಹೋಗ್ತೀರಾ?"

"ಅಮ್ಮಂಗೆ ಫೋನ್ ಮಾಡ್ಬೇಕು. ದೊಡ್ಡ ಜಗಳ ಆಗುತ್ತೆ." ಅವಳು ಮೂಗು ಒರೆಸಿಕೊಂಡಳು. "ಬೀದಿಗೆಲ್ಲ ಕೇಳಿಸುತ್ತೆ. ಪರವಾಗಿಲ್ವಾ?"

"ಪಕ್ಕದಲ್ಲೇ ನಿಂತಿರ್ತೀನಿ," ಎಂದ ತಿರುಮಲ.

ಅವನು ಆ ಹೆಸರು ಸೇರಿಸಿದ ಹೊಸ ಅಚ್ಚಿನ ಪ್ಲೇಟ್ ಏರಿಸಿ ಮಷಿನ್ ಶುರು ಮಾಡಿದ. ನೆಲ ನಡುಗಿತು. ಮೊದಲ ಹಾಳೆ ಹೊರಗೆ ಬಂದು ಬಿದ್ದಿತು. ರಚನಾ ಅದನ್ನೆತ್ತಿ ಸಾಲು ಸಾಲಾಗಿ ಬೆರಳಿಟ್ಟು ಹುಡುಕಿದಳು. ಆ ಹೆಸರಿನ ಬಳಿ ಬೆರಳು ನಿಂತಿತು. ಶಾಯಿ ಇನ್ನೂ ಹಸಿಯಿತ್ತು.