ಸೋರದ ಬಾಗಿಲು

ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತ ರಿಪೇರಿಯವನನ್ನು ಒಳಗಿನಿಂದ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಪಾಪ, ಕತ್ತಲು ತುಂಬಿದ ವಿಮಾನದೊಳಗೆ ಯಾರೂ ಇಲ್ಲವೆಂದೇ ಅವನು ತಿಳಿದಿದ್ದ. ಹೆಡ್‌ಸೆಟ್ ಏರಿಸಿಕೊಂಡು ಗೊಣಗುತ್ತಿದ್ದುದೂ ಆ ಧೈರ್ಯದ ಮೇಲೆಯೇ.

"ಸಿಲಿಕೋನ್ ಟ್ಯೂಬಿಗೆ ಸೈಕಲ್ ಪಂಕ್ಚರ್ ಗಮ್ಮು! ಯಾವ ಪುಣ್ಯಾತ್ಮರಪ್ಪಾ ಇದನ್ನ ಮೆತ್ತಿದ್ದು?"

"ನಾನೇ," ಎಂದಳು ಅವಳು, ಅವನ ಕಿವಿಯೊಳಗೆ.

ಅವನು ಬೆಚ್ಚಿ ಹಿಂದಕ್ಕೆ ನೆಗೆದ ರಭಸಕ್ಕೆ ಮಗ್ಗಿನಲ್ಲಿದ್ದ ಸೋಪಿನ ನೀರು ಅರ್ಧ ಅವನ ಷರ್ಟಿಗೇ ಅಭಿಷೇಕವಾಯಿತು. "ಸರ್, ಒಳಗೆ ಜನ ಇದ್ದಾರೆ ಅಂತ ಒಂದು ಮಾತು ಹೇಳಬಾರದಾ?"

"ಜನ ಅಲ್ಲ ಕಣಯ್ಯಾ, ನನ್ನ ತಂಗಿ ಪುಟ್ಟಿ," ಎಂದ ಅಣ್ಣ, ಮೂರನೆಯ ಹೆಡ್‌ಸೆಟ್ಟಿನಿಂದ.

ಪುಟ್ಟಿಗೆ ಮೂವತ್ತು ದಾಟಿದೆ. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ನಿಂತು "ಈಗ ಸರಿಯಾಗಿ ಕಾಣ್ತಿದ್ಯಾ?" ಎಂದು ಊರವರನ್ನೆಲ್ಲ ಕೇಳುತ್ತಾಳೆ. ಭಾನುವಾರ ಬಂತೆಂದರೆ ಈ ಶೆಡ್ಡು. ಅಣ್ಣ ತನ್ನ ಕೈಯಾರೆ ಒಂದು ವಿಮಾನ ಕಟ್ಟುತ್ತಿದ್ದಾನೆ. ತುಂಬ ಮೇಲೆ ಗಾಳಿ ತೆಳು, ಆದ್ದರಿಂದ ಒಳಗೆ ಗಾಳಿ ತುಂಬಿಸಿ ಹಿಡಿದಿಡಬೇಕು. ಅದಕ್ಕೆಂದೇ ಬಾಗಿಲ ಸುತ್ತ ಒಂದು ಪೊಳ್ಳು ಟ್ಯೂಬು, ಅದೇ ಸೀಲು. ಬಾಗಿಲು ಹಾಕಿ ಪಂಪು ಹೊಡೆದರೆ ಅದು ಉಬ್ಬಿ ಸಂದುಗಳನ್ನೆಲ್ಲ ಮುಚ್ಚಬೇಕು. ಮುಚ್ಚುತ್ತಿರಲಿಲ್ಲ ಹಾಳಾದ್ದು. ಎಲ್ಲೋ ಒಂದು ಕಡೆ ಬುಸ್ ಎನ್ನುತ್ತಲೇ ಇತ್ತು.

ಆ ಬುಸ್ ಒಳಗಿದ್ದವರಿಗೇ ಚೆನ್ನಾಗಿ ಕೇಳುವುದು ಎಂಬುದು ಅಣ್ಣನ ಸಿದ್ಧಾಂತ. ಹಾಗಾಗಿ ಪ್ರತಿ ಪರೀಕ್ಷೆಗೂ ಪುಟ್ಟಿ ಒಳಗೆ. ಹೊರಗಿನಿಂದ ಬ್ಲೋವರ್ ಗಾಳಿ ನುಗ್ಗಿಸುತ್ತಿದ್ದಂತೆ ಅವಳ ಕಿವಿ ಗವ್ವೆಂದು ಮುಚ್ಚಿಕೊಳ್ಳುತ್ತಿತ್ತು, ಬೆನ್ನು ಬೆವರುತ್ತಿತ್ತು. ಗಾಳಿ ಪೂರ್ತಿ ಇಳಿಯುವವರೆಗೆ ಬಾಗಿಲು ತೆರೆಯುವ ಹಾಗಿಲ್ಲ. ಗಾಳಿ ಇಳಿಸುವ ವಾಲ್ವು ಅಣ್ಣನ ಕೈಯಲ್ಲಿ.

ಅಪ್ಪ ಅಮ್ಮ ಹೋದಾಗ ಅವಳಿನ್ನೂ ಫ್ರಾಕು ತೊಡುವ ಹುಡುಗಿ. ಅಣ್ಣ ಅವಳಿಗೆ ಜಡೆ ಹೆಣೆದ, ಅನ್ನ ಬಸಿದ, ತನ್ನ ಮದುವೆ ಮಾತನ್ನೇ ಎತ್ತದೆ ಅವಳನ್ನು ಬೆಳೆಸಿದ. "ನಮ್ಮ ಪುಟ್ಟಿ ಇಲ್ದಿದ್ರೆ ಈ ವಿಮಾನಾನೇ ಇಲ್ಲ" ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ. ಅವನು ಹಾಗೆಂದಾಗಲೆಲ್ಲ ಅವಳಿಗೆ ಉಸಿರು ಕಟ್ಟುತ್ತಿತ್ತು. ಅಂಥ ಅಣ್ಣನಿಗೆ ಯಾವ ಬಾಯಲ್ಲಿ ಒಲ್ಲೆ ಎನ್ನುವುದು ಹೇಳಿ?

ಸೀಲು ರಿಪೇರಿಯವನು ಮಾತ್ರ ಭಾನುವಾರಗಳ ಬಣ್ಣವನ್ನೇ ಬದಲಿಸಿಬಿಟ್ಟ.

ಟ್ಯೂಬನ್ನು ಬಿಚ್ಚಿ, ಸ್ವಲ್ಪವೇ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಅದ್ದುವನು. ಗುಳ್ಳೆ ಎದ್ದ ಜಾಗವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬೆರಳ ತುದಿಯಿಂದ ಸಿಲಿಕೋನ್ ಅಂಟು ಸವರುವನು. ಎಳೆ ಮಗುವಿನ ಕೆನ್ನೆ ಮುಟ್ಟುವಷ್ಟು ಮೆತ್ತಗೆ. ಒಣಗಿದ ಮೇಲೆ ಮತ್ತೆ ಪರೀಕ್ಷೆ: ಒಳಗೆ ಅವಳು, ಹೊರಗೆ ಅವನು, ನಡುವೆ ಗಾಜು. ಗಾಜಿನ ಅಂಚಿನಲ್ಲಿ ಅವನ ಸೋಪಿನ ಬ್ರಷ್ಷು ಹೋದಲ್ಲೆಲ್ಲ ಅವಳ ಟಾರ್ಚು ಹಿಂದೆಯೇ ಹೋಗುತ್ತಿತ್ತು. ಬ್ರಷ್ಷು ಬೇಕೆಂದೇ ನಿಲ್ಲುತ್ತಿತ್ತು. ಟಾರ್ಚೂ ನಿಲ್ಲುತ್ತಿತ್ತು. ಆಮೇಲೆ ಇಬ್ಬರೂ ಬೇರೆಲ್ಲೋ ನೋಡುತ್ತಿದ್ದರು, ಏನೂ ಆಗಿಲ್ಲವೆಂಬಂತೆ!

"ಕಣ್ಣು ಕಿರಿದು ಮಾಡ್ಕೊಂಡು ನೋಡ್ತೀರಲ್ಲ. ನಿಮಗೆ ಕನ್ನಡಕ ಬೇಕು," ಎಂದಳು ಒಂದು ದಿನ.

"ಈ ಒಂದು ಗಾಜೇ ಸಾಕಾಗಿದೆ. ಅದರ ಮೇಲೆ ಇನ್ನೊಂದು ಬೇರೆನಾ?"

ಅವಳ ಕೆನ್ನೆ ಬಿಸಿಯಾಯಿತು.

"ಕೆಲಸ, ಕೆಲಸ!" ಎಂದು ಅಣ್ಣ ನಡುವೆ ಗುಡುಗಿದ. ಹೆಡ್‌ಸೆಟ್ಟಿನಲ್ಲಿ ಆಡಿದ್ದೆಲ್ಲ ಅವನಿಗೂ ಕೇಳುತ್ತಿತ್ತಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅಣ್ಣ ಕುಣಿಯುವುದೊಂದು ಬಾಕಿ. "ಪುಟ್ಟೀ, ದೊಡ್ಡ ಏರ್‌ಫೀಲ್ಡ್ ಹತ್ರ ಶೆಡ್ಡು, ಮನೆ ಎರಡೂ ಸಿಕ್ತು. ಇವತ್ತು ಸೀಲ್ ನಿಂತ್ರೆ ಮುಂದಿನ ವಾರ ಹಾರಾಟ, ಆಮೇಲೆ ಆ ಊರಿಗೇ ಹೋಗಿಬಿಡೋದು. ಪಕ್ಕದ ಸೀಟು ನಿಂದೇ!"

"ಹೂಂ," ಎಂದಳು. ಹುಟ್ಟಿದಾಗಿನಿಂದ ಅಣ್ಣನಿಗೆ ಅವಳು ಹೇಳಿಕೊಂಡು ಬಂದದ್ದು ಅದೊಂದೇ.

ಬಾಗಿಲು ಮುಚ್ಚಿತು. ಟ್ಯೂಬು ಉಬ್ಬಿತು, ಬ್ಲೋವರ್ ಮೊರೆಯಿತು. ಅವಳು ಬಾಗಿಲ ಅಂಚಿನುದ್ದಕ್ಕೂ ಕೈ ಆಡಿಸಿದಳು. ಗಾಳಿ ಹೊರಗೆ ಜಾರುವ ಸುಳಿವೇ ಸಿಗಲಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದ ಮಹಾರಾಯ! ಇವತ್ತು ಸೀಲು ನಿಂತಿತೆಂದರೆ ಅವನು ತನ್ನ ದಾರಿ ಹಿಡಿಯುತ್ತಾನೆ, ತಾನು ಅಣ್ಣನ ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಇದ್ದುಬಿಡಬೇಕು, ಬದುಕಿರುವಷ್ಟು ಕಾಲ.

"ಎಲ್ಲಾದ್ರೂ ಸೋರ್ತಿದ್ಯಾ?" ಗಾಜಿನಾಚೆ ಅವನ ಮುಖ ಸಪ್ಪಗಿತ್ತು.

"ಸೋರ್ತಿದೆ," ಎಂದಳು.

ಅವನು ಪಕ್ಕದ ಮೀಟರ್ ನೋಡಿದ. ಮುಳ್ಳು ಕದಲಿರಲಿಲ್ಲ. ಅವಳನ್ನು ನೋಡಿದ. ಅವಳು ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದಳು.

"ಹೌದು ಸರ್," ಎಂದ. "ನಂಗೂ ಕೇಳಿಸ್ತು."

ಬ್ಲೋವರಿನ ಆ ಅಬ್ಬರದಲ್ಲಿ, ಎರಡು ಕಿವಿಗೂ ಮುಚ್ಚಳ ಹಾಕಿಕೊಂಡವನಿಗೆ ಏನು ಕೇಳಿಸಿತೋ ದೇವರೇ ಬಲ್ಲ. ಅವಳಿಗೆ ಮಾತ್ರ ಆ ಸುಳ್ಳು ಕೇಳಿ ಕಣ್ಣು ತುಂಬಿ ಬಂತು.

"ಏನ್ರೋ ಇದು? ಮುಳ್ಳು ಅಲ್ಲಾಡ್ತಾನೇ ಇಲ್ಲ, ಇಬ್ಬರಿಗೂ ತಲೆ ಕೆಟ್ಟಿದ್ಯಾ?" ಅಣ್ಣ ವಾಲ್ವಿಗೆ ಕೈ ಹಾಕಿದ. "ಇರು, ಬಾಗಿಲು ತೆಗೀತೀನಿ."

"ಬೇಡಣ್ಣ! ಮುಟ್ಟಬೇಡ. ನೀನು ಎದುರಿಗೆ ನಿಂತ್ರೆ ನನ್ನ ಬಾಯಿಂದ ಹೂಂ ಬಿಟ್ಟು ಬೇರೇನೂ ಬರಲ್ಲ. ಇಲ್ಲಿಂದಲೇ ಹೇಳ್ತೀನಿ." ಅವಳು ಉಸಿರೆಳೆದುಕೊಂಡಳು. "ನಾನು ಆ ಊರಿಗೆ ಬರಲ್ಲ. ಇದರೊಳಗೆ ಕೂತ್ರೆ ನಂಗೆ ಉಸಿರು ಕಟ್ಟುತ್ತೆ. ಮೊದಲ ದಿನದಿಂದಲೂ ಅಷ್ಟೇ."

"ಮತ್ತೆ ಇಷ್ಟು ವರ್ಷ..."

"ನೀನು ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಅಣ್ಣ ವಾಲ್ವಿನಿಂದ ಕೈ ತೆಗೆದ. ಅವಳು ಮುಂದುವರಿಸಿದಳು.

"ಸೀಲು ಸರಿಯಾಗಿದೆ. ಸರಿಯಾಯ್ತು ಅಂದ್ರೆ ಇವರು ಹೊರಟುಹೋಗ್ತಾರಲ್ಲ, ಅದಕ್ಕೆ ಸುಳ್ಳು ಹೇಳಿದೆ. ಇವರು ಅಂದ್ರೆ ನಂಗಿಷ್ಟ ಅಣ್ಣ."

ಅಣ್ಣ ನಿಧಾನವಾಗಿ ಸೀಲಿನವನ ಕಡೆ ತಿರುಗಿದ. ಅವನ ಕಿವಿಗಳು ಕೆಂಪೇರಿ ಹೆಡ್‌ಸೆಟ್ಟಿನ ಅಂಚಿನಲ್ಲೂ ಕಾಣುತ್ತಿದ್ದವು.

"ನೀನ್ಯಾಕಯ್ಯಾ ಸುಳ್ಳು ಹೇಳಿದ್ದು?"

"ನಂದೂ ಅದೇ ಕಾರಣ ಸರ್."

ಅಣ್ಣ ಸ್ಟೂಲಿನ ಮೇಲೆ ಕುಸಿದು ಕುಳಿತ. ಬೆನ್ನು ಬಾಗಿದ ಆ ಮನುಷ್ಯನನ್ನು ಗಾಜಿನಾಚೆ ಕಂಡು ಅವಳು ಗಾಜಿಗೆ ಅಂಗೈ ಒತ್ತಿದಳು. ಆದರೂ ಆಡಿದ ಮಾತನ್ನು ಅವಳು ಹಿಂದೆ ತೆಗೆದುಕೊಳ್ಳಲಿಲ್ಲ.

"ಆ ಸೀಟಲ್ಲಿ ಯಾರನ್ನ ಕೂರಿಸ್ಕೊಳ್ಳಲೇ ನಾನು?" ಎಂದ ಕೊನೆಗೆ. "ತೂಕಕ್ಕೆ ಮರಳಿನ ಮೂಟೆ ಇಟ್ಕೋತೀನಿ ಬಿಡು. ಅದು ನಿನ್ನಷ್ಟು ಒಳ್ಳೇದಲ್ಲ, ಹೂಂ ಅಂತಾನೂ ಅನ್ನಲ್ಲ."

ಎದ್ದು ವಾಲ್ವನ್ನು ಒಂದಿಷ್ಟೇ ತಿರುಗಿಸಿದ, ಅವಳ ಕಿವಿ ನೋಯದ ಹಾಗೆ. ಮುಳ್ಳು ಕೂದಲೆಳೆಯಷ್ಟೇ ಇಳಿಯುತ್ತ ಹೋಯಿತು. ಮೂವರೂ ಅದನ್ನೇ ನೋಡುತ್ತ ನಿಂತರು. ಉಬ್ಬಿದ ಟ್ಯೂಬು ಸೊರಗಿ ಚೌಕಟ್ಟಿನೊಳಗೆ ಸರಿಯಿತು.

"ಪುಟ್ಟೀ," ಎಂದ ಅಣ್ಣ, ಎಂದೂ ಇಲ್ಲದ ಸಂಕೋಚದಿಂದ. "ಬಾಗಿಲು ನಾನು ತೆಗೀಲಾ, ಇವನು ತೆಗೀಲಾ?"

"ಒಳಗಡೆನೂ ಹಿಡಿ ಇದೆಯಲ್ಲ ಅಣ್ಣ," ಎಂದಳು ಅವಳು. "ನಾನೇ ತೆಗೀತೀನಿ."

ತೆಗೆದಳು. ಮೆಟ್ಟಿಲಿಳಿಯಲು ಸೀಲಿನವನು ಕೈ ಚಾಚಿದ. ಆ ಕೈ ಹಿಡಿದೇ ಇಳಿದಳು. ಆದರೆ ಓಡಿಹೋಗಿ ತಬ್ಬಿಕೊಂಡದ್ದು ಅಣ್ಣನನ್ನು. ಅಣ್ಣ ತಂಗಿ ಅತ್ತು ಮುಗಿಸುವವರೆಗೂ ಅವನು ಖಾಲಿ ಮಗ್ಗು ಹಿಡಿದು ಅಲ್ಲೇ ನಿಂತಿದ್ದ, ಕಾಯುವುದಕ್ಕೆ ಒಂದಿಷ್ಟೂ ಬೇಸರವಿಲ್ಲದೆ.