ಮುಂಗಾಲಿನ ಕಿವಿ

"ಮಾಳಪ್ಪ ಕಾಕಾ!"

ಉಡಚಪ್ಪ ಬೇವಿನ ಮರದ ಮರೆಯಿಂದ ಕೂಗಿದ. ಅಕ್ಕಿಆಲೂರಿನ ಗಿರಣಿಯ ಮುಂದೆ ನಿಂತಿದ್ದ ಮಾಳಪ್ಪ ತಟ್ಟನೆ ಹೊರಳಿದ. ಮರವಿದ್ದುದು ಅವನ ಎಡಕ್ಕೆ. ಅವನು ಹೊರಳಿದ್ದು ಬಲಕ್ಕೆ. ಅಲ್ಲಿ ಯಾರೂ ಇರಲಿಲ್ಲ.

"ಗಿರಗಿಟ್ಲಿ ಮಾಳಪ್ಪ! ಗಿರಗಿಟ್ಲಿ!" ಹುಡುಗರು ಬಿದ್ದು ಬಿದ್ದು ನಕ್ಕರು.

ಅಪ್ಪನಿಗೆ ಬುತ್ತಿ ತಂದಿದ್ದ ಚೌಡವ್ವ ಪಾಟಿಚೀಲ ಕೆಳಗಿಟ್ಟಳು. "ಇನ್ನೊಮ್ಮೆ ಅನ್ನು, ಹಲ್ಲು ಉದುರಸ್ತೇನಿ!"

"ನಿಮ್ಮಪ್ಪನ ತಲಿ ಕೆಟ್ಟೈತಿ," ಎಂದ ಉಡಚಪ್ಪ.

"ತಲಿ ಅಲ್ಲ, ಕಿವಿ. ಇಂಜಿನ್ ಬಾಜೂಕ ನಿಂತು ನಿಂತು ಎಡಗಿವಿ ಹೋಗೈತಿ."

"ಬಲಗಿವಿ ಐತಲ್ಲ? ಕೂಗಿದ್ದು ಕೇಳತೈತಿ, ಎಲ್ಲಿಂದ ಅಂತ ತಿಳೀವಲ್ದು. ಹುಚ್ಚಲ್ಲದ ಮತ್ತೇನು?"

ಅದು ಯಾಕೆ ಹಾಗೆಂದು ಚೌಡವ್ವನಿಗೂ ತಿಳಿದಿರಲಿಲ್ಲ. ಅದಕ್ಕೇ ಅವಳ ಸಿಟ್ಟು ಇನ್ನೂ ಏರಿತು.

ಮರುದಿನ ಸಾಲೆಗೆ ಸುಶೀಲವ್ವ ಅಕ್ಕೋರು ಬಾಟಲಿಯಲ್ಲಿ ಒಂದು ಕಪ್ಪು ಚಿಮ್ಮಂಡೆ, ರಾತ್ರಿಯೆಲ್ಲ ಚಿರ್ರೆನ್ನುವ ಹುಳ, ಹಿಡಿದು ತಂದರು.

"ಇದರ ಕಿವಿ ಎಲ್ಲಿ ಅದಾವ?"

"ತಲಿಮ್ಯಾಗ್ರೀ!"

"ಅಲ್ಲ. ಮುಂಗಾಲಿನ್ಯಾಗ. ಒಂದೊಂದು ಕಾಲಿಗೆ ಒಂದೊಂದು."

ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ. "ಗಂಡು ಚಿರ್ರ್ ಅಂದ್ರ ಹೆಣ್ಣು ಹುಡುಕ್ಕೊಂಡು ಬರತೈತಿ. ಯಾವ ಕಾಲಿಗೆ ಸಪ್ಪಳ ಜೋರು ಕೇಳತೈತೋ ಆ ಕಡೆ ಹೊಳ್ಳತೈತಿ."

ಚೌಡವ್ವ ಎದ್ದು ನಿಂತಳು. "ಒಂದು ಮುಂಗಾಲು ಮುರದಿದ್ರ?"

"ಆಗೂ ಸಪ್ಪಳ ಕೇಳತೈತಿ. ಆದ್ರ ಉಳಿದ ಕಾಲಿನ ಕಡೇನ ಹೊಳ್ಳಿ ಹೊಳ್ಳಿ ಸುತ್ತು ಹಾಕತೈತಿ."

"ಅಂದ್ರ ಅದಕ್ಕ ಹುಚ್ಚೇನ್ರಿ?"

"ಹುಚ್ಯಾಕ? ದಿಕ್ಕು ತಿಳಿಯಾಕ ಎರಡೂ ಬೇಕವ್ವಾ."

ಚೌಡವ್ವ ಉಡಚಪ್ಪನ ಕಡೆ ತಿರುಗಿದಳು. "ಬಾ ಮುಂದ. ನಿನ್ನ ಕಿವೀನೂ ನೋಡೂಣು."

"ನಾ ಬರಂಗಿಲ್ಲ."

"ಅಂಜಿದೇನು?"

ಅವನು ಎದ್ದು ಬಂದ. ಅಕ್ಕೋರು ತಡೆಯಲಿಲ್ಲ. ಚೌಡವ್ವ ಅವನ ಕಣ್ಣಿಗೆ ವಸ್ತ್ರ ಕಟ್ಟಿ, ಎಡಗಿವಿಯನ್ನು ಬೆರಳಿನಿಂದ ಒತ್ತಿ ಹಿಡಿಯಲು ಹೇಳಿದಳು. ಅವನ ಎಡಕ್ಕೆ ನಿಂತು ಚಪ್ಪಾಳೆ ಹೊಡೆದಳು.

ಉಡಚಪ್ಪ ಬಲಕ್ಕೆ ಕೈ ತೋರಿಸಿದ.

"ಗಿರಗಿಟ್ಲಿ ಉಡಚಪ್ಪ!" ಹಿಂದಿನ ಸಾಲಿನಿಂದ ಮಜೀದ ಕೂಗಿದ. ಸಾಲೆಯ ಹಂಚು ಹಾರುವಂತೆ ನಗೆ ಎದ್ದಿತು.

ಚೌಡವ್ವ ಹಿಂದಿನಿಂದ ಮತ್ತೊಂದು ಚಪ್ಪಾಳೆ ಹೊಡೆದಳು. ಅವನು ಮತ್ತೆ ಬಲಕ್ಕೇ ಹೊರಳಿ, ಗಾಳಿಯಲ್ಲಿ ಕೈಯಾಡಿಸಿದ. ಹುಬ್ಬು ಗಂಟಿಕ್ಕಿ, ತುಸು ನಾಚಿ, ಅಲ್ಲಿಲ್ಲದವರನ್ನು ಹುಡುಕುತ್ತಿದ್ದ. ಥೇಟ್ ಅಪ್ಪನಂತೆ.

ನಗಲು ತೆರೆದಿದ್ದ ಚೌಡವ್ವನ ಬಾಯಿ ಮುಚ್ಚಿತು.

"ಯಾರೂ ನಗಬ್ಯಾಡ್ರಿ!" ಎಂದು ಚೀರಿ, ವಸ್ತ್ರ ಬಿಚ್ಚಿದಳು.

ಉಡಚಪ್ಪ ಬಲಗಡೆಯ ಖಾಲಿ ಗೋಡೆಯನ್ನೇ ನೋಡಿದ. "ಖರೇನ ಆ ಕಡೆಯಿಂದ ಬಂದಂಗಾತು," ಎಂದ ಮೆಲ್ಲಗೆ.

ಸಂಜೆ ಅಪ್ಪ ಉಣ್ಣಲು ಕುಳಿತ. ಒಲೆ ಅವನ ಎಡಕ್ಕಿತ್ತು. ಅಲ್ಲೇ ಕುಳಿತರೆ ಅವ್ವನಿಗೆ ಎಲ್ಲವೂ ಕೈಗೆ ಸಿಗುತ್ತಿತ್ತು. ಆದರೂ ಅವಳು ರೊಟ್ಟಿಬುಟ್ಟಿ ಹಿಡಿದು, ಅವನನ್ನು ಸುತ್ತಿ ಬಂದು, ಬಲಕ್ಕೆ ಕುಳಿತು ಮಾತು ತೆಗೆದಳು. ದಿನವೂ ಹೀಗೆಯೇ. ಚೌಡವ್ವ ಇಷ್ಟು ದಿನ ಅದನ್ನು ನೋಡಿಯೂ ನೋಡಿರಲಿಲ್ಲ.

ಅವಳು ತನ್ನ ತಾಟು ಎತ್ತಿಕೊಂಡು ಅಪ್ಪನ ಬಲಕ್ಕೆ ಬಂದಳು.

"ಅವ್ವಾ, ತುಸು ಸರಿ."