ಟ್ರೇಡ್‌ಗೆ ಒಂದು ದಿನ ಮೊದಲು

ಅವನಿಗೆ ಅದು ಒಂದು ದಿನ ಮೊದಲೇ ಗೊತ್ತಿತ್ತು. ನನ್ನ ನೆಮ್ಮದಿ ಕೆಡಿಸಿದ್ದು ಅದೇ.

ಗುರುವಾರ ಸಂಜೆ ಸ್ಟೇಡಿಯಂ ಹೊರಗಿನ ಅಂಗಡಿಯಲ್ಲಿ ನಾನು ಗಿಡ್ಡನ ಜೆರ್ಸಿ ಕೈಗೆತ್ತಿಕೊಂಡಿದ್ದೆ. ಗಿಡ್ಡ ಎಂದರೆ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಚೆಂಡು ನಡೆಸುವ ಗಾರ್ಡ್‌ಗಳಲ್ಲಿ ಮೂರನೆಯವನು. ಅಂಗಳಕ್ಕಿಂತ ಬೆಂಚಿನ ಮೇಲೆಯೇ ಹೆಚ್ಚು ಕಾಣುತ್ತಿದ್ದ, ಆದರೂ ನನಗೆ ಅವನೆಂದರೆ ಪ್ರಾಣ. ಪಕ್ಕದಲ್ಲಿದ್ದ ನನ್ನ ಗೆಳೆಯ ಜೆರ್ಸಿಯನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದು ಹ್ಯಾಂಗರ್‌ಗೆ ಹಾಕಿದ.

"ಈ ವಾರ ಬೇಡ. ಸ್ವಲ್ಪ ತಡಿ."

"ಯಾಕೆ?"

"ಸುಮ್ನೆ," ಎಂದು ನನ್ನ ಕಣ್ಣು ತಪ್ಪಿಸಿ ಮೇಲಿನ ಟ್ಯೂಬ್‌ಲೈಟ್ ನೋಡತೊಡಗಿದ.

ಶುಕ್ರವಾರ ಮಧ್ಯಾಹ್ನ ಟ್ರೇಡ್‌ನ ಸುದ್ದಿ ಬಂತು. ಗಿಡ್ಡನನ್ನು ಬೇರೆ ತಂಡಕ್ಕೆ ಕೊಟ್ಟು, ಮೂರು ವರ್ಷದ ನಂತರದ ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನ ಒಂದು ಪಿಕ್ ತೆಗೆದುಕೊಂಡಿದ್ದರು. ಅಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಯಲ್ಲಿ ಒಂದು ಜಾಗ, ಅದೂ ಬಾಲದ ಕಡೆಯದು.

ನಮ್ಮ ಅಭಿಮಾನಿಗಳ ಗ್ರೂಪ್ ಕುದಿಯಿತು. ನಾನೂ ಬರೆದೆ: "ಇನ್ನೂ ಹೈಸ್ಕೂಲಲ್ಲಿರೋ ಯಾವನನ್ನೋ ನಂಬ್ಕೊಂಡು ಕೈಯಲ್ಲಿರೋನನ್ನ ಕಳಿಸ್ತಾರಾ? ಆ ಪಿಕ್‌ಗೆ ಮೂರು ಕಾಸಿನ ಬೆಲೆ ಇಲ್ಲ."

"ಇದೆ," ಎಂದು ನನ್ನ ಗೆಳೆಯನ ಉತ್ತರ ಬಂತು. ಗ್ರೂಪಿನಲ್ಲಿ ಅವನ ಹೆಸರು ಬೆಂಚು. "ಎರಡನೇ ಸುತ್ತಲ್ಲಿ ಬಂದೋರೂ ಆಡಿ ತೋರಿಸಿದ್ದಾರೆ. ಸ್ವಲ್ಪ ತಾಳ್ಮೆ ಇರಲಿ ತಾಯಿ."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಎಂಟು ತಿಂಗಳಿಂದ ಇಂಥ ಜಗಳದಲ್ಲೇ ಅವನು ನನಗೆ ಇಷ್ಟವಾಗಿದ್ದ. ಪಂದ್ಯದಲ್ಲಿ ಪಕ್ಕದ ಸೀಟಿನಲ್ಲಿ ಕೂತು, ಫ್ರೀ ಥ್ರೋ ಹೊತ್ತಿಗೆ ಆಟ ಬಿಟ್ಟು ನನ್ನ ಮುಖ ನೋಡುತ್ತಿದ್ದ. ನಾನು ತಿರುಗಿದರೆ ಸ್ಕೋರ್‌ಬೋರ್ಡ್ ಓದುವ ನಾಟಕ.

ಆದರೆ ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುವ ನನಗೆ ಕೂದಲೆಳೆಯಷ್ಟು ಗೀರೂ ಕಣ್ಣಿಗೆ ಬೀಳುತ್ತದೆ. ತಾನು ಟೈಲರ್ ಎಂದಿದ್ದ. ಅಂಗಡಿ ತೋರಿಸು ಎಂದರೆ ಪ್ರತಿ ಸಲವೂ ಒಂದು ನೆಪ. ಬೆಟ್ಟಿಂಗ್‌ನವನೋ? ನಮ್ಮ ಮಾತು ಕದಿಯಲು ಕ್ಲಬ್ಬೇ ಕಳಿಸಿದವನೋ? ಹಿಂದೆ ಇನ್ನೊಬ್ಬ, ತನಗೆ ಹೆಂಡತಿಯಿರುವುದನ್ನು ಮುಚ್ಚಿಟ್ಟು ಎರಡು ವರ್ಷ ನನ್ನನ್ನು ನಂಬಿಸಿದ್ದ. ಇನ್ನೊಮ್ಮೆ ಮೋಸ ಹೋಗುವ ತ್ರಾಣ ನನಗಿರಲಿಲ್ಲ.

"ಅವನನ್ನೇ ಕೇಳು," ಎಂದಳು ಅಕ್ಕ. "ಊರಿಗೆಲ್ಲ ಡಂಗುರ ಹೊಡೀಬೇಡ."

ನಾನು ಡಂಗುರವನ್ನೇ ಹೊಡೆದೆ, ಗ್ರೂಪಿನಲ್ಲಿ ಬರೆದೆ: "ಬೆಂಚುಗೆ ಈ ಟ್ರೇಡ್ ನಿನ್ನೆಯೇ ಗೊತ್ತಿತ್ತು. ಹೇಗೆ ಅಂತ ಕೇಳಿ."

ನಾನೂರು ಜನ ಅವನ ಮೇಲೆ ಮುಗಿಬಿದ್ದರು. ಅವನು ಒಂದಕ್ಷರವೂ ಬರೆಯಲಿಲ್ಲ, ನನ್ನ ಫೋನನ್ನೂ ಎತ್ತಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ, ಅವನು ಎಂದೋ ಬಾಯಿತಪ್ಪಿ ಹೇಳಿದ್ದ ಬೀದಿಗೆ ಹೋದೆ. ಮೂರನೇ ಟೈಲರ್ ಅಂಗಡಿ ಅವನದು. ಮುಂದೆ ಕ್ಲಬ್ಬಿನ ವ್ಯಾನ್ ನಿಂತಿತ್ತು. ಡ್ರೈವರ್ ಒಳಗಿನಿಂದ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ತಂದು ತುಂಬುತ್ತಿದ್ದ. ತೆರೆದಿದ್ದ ಒಂದರಲ್ಲಿ ಗಿಡ್ಡನ ಜೆರ್ಸಿಗಳಿದ್ದವು. ಬೆನ್ನ ಮೇಲಿನ ಹೆಸರು ಅರ್ಧ ಬಿಚ್ಚಿತ್ತು.

ಅವನು ಹೊಲಿಗೆ ಮೆಷಿನ್ ಮುಂದೆ ಸುಮ್ಮನೆ ಕೂತಿದ್ದ.

"ತಂಡದ ಜೆರ್ಸಿಗೆ ಹೆಸರು ಹೊಲಿಯೋದು ನಾನೇ," ಎಂದ. "ಯಾರನ್ನಾದ್ರೂ ಕಳಿಸೋದಿದ್ರೆ, ಹೆಸರು ಬಿಚ್ಚೋಕೆ ಅವರ ಜೆರ್ಸಿ ಒಂದು ದಿನ ಮೊದಲೇ ಇಲ್ಲಿಗೆ ಬರುತ್ತೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಅದಕ್ಕೇ ನಿನ್ನನ್ನ ಇಲ್ಲಿಗೆ ಕರೀಲಿಲ್ಲ."

"ಮತ್ತೆ ಆ ವ್ಯಾನ್..."

"ಕೆಲಸ ವಾಪಸ್ ತಗೊಂಡ್ರು. ನಿನ್ನ ಮೆಸೇಜ್ ಕ್ಲಬ್ಬಿನ ಮ್ಯಾನೇಜರೂ ಓದಿದ್ರು."

"ಹಾಗಾದ್ರೆ ಗುರುವಾರ ಯಾಕೆ ಬಾಯಿ ಬಿಟ್ಟೆ? ಜೆರ್ಸಿ ತಗೊಂಡ್ರೆ ತಗೊಳ್ಳಲಿ ಅಂತ ಸುಮ್ನಿರಬಾರ್ದಿತ್ತಾ?"

"ಇರಬಹುದಿತ್ತು. ಮಾರನೇ ದಿನ ಆ ಜೆರ್ಸಿ ಹಿಡ್ಕೊಂಡು ನೀನು ಅಳ್ತೀಯ ಅಂತ ಗೊತ್ತಿತ್ತು. ಆಗ್ಲಿಲ್ಲ ನನ್ನ ಕೈಲಿ."

"ಕ್ಲಬ್ಬಿಗೆ ಹೋಗಿ ತಪ್ಪು ನಂದು ಅಂತ ಹೇಳ್ತೀನಿ."

"ಹೇಳು. ಅವರು ಕೇಳಲ್ಲ."

ಅವನ ದನಿಯಲ್ಲಿ ಕೋಪವಿತ್ತು, ಇರಬೇಕಾದದ್ದೇ. ಆದರೂ ಕಾಲಿನಿಂದ ಒಂದು ಸ್ಟೂಲನ್ನು ನನ್ನ ಕಡೆ ತಳ್ಳಿದ.

"ಕೂತ್ಕೋ. ಇನ್ನೂ ಏನೇನು ಅನುಮಾನ ಇದೆಯೋ ಎಲ್ಲಾ ಈಗ್ಲೇ ಕೇಳಿ ಮುಗಿಸು. ಮದುವೆ ಆದ್ಮೇಲೆ ಗ್ರೂಪಲ್ಲಿ ಕೇಳ್ಬೇಡ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಪ್ರಶ್ನೆಗಳು ಒಂದು ಡಜನ್ ಇದ್ದವು.

"ಒಂದೂ ಇಲ್ಲ," ಎಂದೆ. ಅಳು ತಡೆಯಲಾಗದೆ ಅವನ ಪಕ್ಕದಲ್ಲೇ ಕೂತೆ.